ಬೊಲೊನ್ಯಾಕ್ಕೆ ಅರ್ಧ ದಿನ ಸಾಲದು

ಫ್ಲಾರೆನ್ಸಿನಿಂದ ವೇಗದ ರೈಲಿನಲ್ಲಿ ಸುಮಾರು 40 ನಿಮಿಷಗಳಲ್ಲಿ ತಲುಪಬಹುದಾದ ಇಟಲಿಯ ಬೊಲೊನ್ಯಾ ನಗರಕ್ಕೆ ಅರ್ಧ ದಿನ ಸಾಕೆಂದು ಪ್ರವಾಸ ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ಕ್ವಾಡ್ರಿಲಾತೆರೋ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಚೀಸು, ಹಸಿ ಪಾಸ್ತಾಗಳನ್ನು ನೋಡುತ್ತ, ಕೊಳ್ಳುತ್ತ ನಿಂತರೆ ಬೆಳಗೇ ಕಳೆದುಹೋಗುತ್ತದೆ. ಸಾನ್ ಲೂಕಾ ಬೆಟ್ಟದ ಇಗರ್ಜಿಯವರೆಗೆ 666 ಕಮಾನುಗಳ, ಮೇಲೆ ಚಾವಣಿಯಿರುವ ಹಾದಿಯ ನೆರಳಿನಲ್ಲಿ ಸುಮಾರು 3.8 ಕಿಲೋಮೀಟರ್ ನಡೆಯಲು ಇಡೀ ಮಧ್ಯಾಹ್ನ ಬೇಕು, ಮಳೆ ಬಂದರೂ ಕೊಡೆ ಬೇಡ. ಆ ಲೇಖಕರು ಸಸ್ಯಾಹಾರಿಗಳಿಗೆ ಟೋರ್ಟೆಲ್ಲಿನಿ ಎಂಬ ಹೂರಣ ತುಂಬಿದ ಪುಟ್ಟ ಪಾಸ್ತಾವನ್ನು ಸೂಚಿಸಿರುವುದಂತೂ ದೊಡ್ಡ ತಪ್ಪು. ಅದರ ಹೂರಣದಲ್ಲಿ ಹಂದಿಮಾಂಸವಿರುತ್ತದೆ. ಕೇಳಬೇಕಾದದ್ದು ರಿಕೊಟ್ಟಾ ಎಂಬ ಮೃದು ಚೀಸು ತುಂಬಿದ, ಗಾತ್ರದಲ್ಲಿ ದೊಡ್ಡದಾದ ಟೋರ್ಟೆಲ್ಲೋನಿಯನ್ನು. (ಅದರ ಮೇಲೆ ಉದುರಿಸುವ ಪಾರ್ಮಿಜಾನೋ ಚೀಸಿಗೆ ಹಾಲು ಒಡೆಸುವ ಹೆಪ್ಪು ಕರುವಿನ ಜಠರದಿಂದ ಬರುತ್ತದೆಂಬುದು ನನಗೆ ತಿಳಿದದ್ದು ತಟ್ಟೆ ಖಾಲಿಯಾದ ಮೇಲೆ.)