ಎಚ್‌ಆರ್ ಸಹಿ ಹಾಕದಿದ್ದರೆ ಪಿಎಫ್ ಮುಳುಗುತ್ತದೆ ಎನ್ನುವುದು ಸುಳ್ಳು

ಕಾಸರಗೋಡು, ಕುಂಬಳೆ, ಉಪ್ಪಳದಿಂದ ದಿನಾ ರೈಲಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರ ಮೊಬೈಲುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ನೋಟಿಸ್ ಕೊಡದೆ ಕೆಲಸ ಬಿಟ್ಟರೆ ಎಚ್‌ಆರ್ ನಿಮ್ಮ ಪಿಎಫ್ ತಡೆಹಿಡಿಯಬಹುದು' ಅಂತ. ಇದು ತಪ್ಪು. ಇದನ್ನು ನಂಬಿ ಹೆದರಿ ಕೂತ ಹುಡುಗರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಂಬಳದಿಂದ ನಿಮ್ಮ ಪಾಲು (ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ 12%) ಹಿಡಿದು, ಕಂಪನಿಯ ಪಾಲು ಸೇರಿಸಿ, ಮುಂದಿನ ತಿಂಗಳ 15ರೊಳಗೆ ಕಟ್ಟುವುದಷ್ಟೇ ಕಂಪನಿಯ ಕೆಲಸ. ದುಡ್ಡು ಇರುವುದು ನಿಮ್ಮ ಹೆಸರಲ್ಲಿ, ಪಿಎಫ್ ಸಂಸ್ಥೆಯಲ್ಲಿ. ನೋಟಿಸ್ ಅವಧಿಯ ಸಂಬಳವನ್ನು ನೇಮಕಾತಿ ಪತ್ರದಲ್ಲಿ ಇದ್ದಂತೆ ಕೊನೆಯ ಲೆಕ್ಕದಲ್ಲಿ ಮುರಿದುಕೊಳ್ಳಬಹುದು, ಪಿಎಫ್ ಮುಟ್ಟುವ ಹಾಗಿಲ್ಲ.

ಯುಎಎನ್‌ಗೆ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಆಧಾರ್, ಬ್ಯಾಂಕ್ ಖಾತೆ ಜೋಡಿಸಿದ್ದರೆ ದುಡ್ಡು ತೆಗೆಯುವ ಆನ್‌ಲೈನ್ ಅರ್ಜಿಗೆ ಕಂಪನಿಯ ಸಹಿ ಬೇಡ. ಕೆಲಸ ಬಿಟ್ಟ ದಿನಾಂಕವನ್ನು ಅವರು ಹಾಕದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಸಂಸ್ಥೆಯ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್'ನಲ್ಲಿ ನೀವೇ ಹಾಕಬಹುದು, ಆಧಾರ್ ಮೊಬೈಲಿಗೆ ಬರುವ ಒಟಿಪಿ ಸಾಕು. ದಿನಾಂಕ ಮಾತ್ರ ಸರಿಯಾಗಿ ನೋಡಿ ಹಾಕಿ, ಆಮೇಲೆ ತಿದ್ದಿಸುವುದು ಕಷ್ಟ.

ಹಾಗಂತ ಎಚ್‌ಆರ್ ಜೊತೆ ಸುಮ್ನೆ ಜಗಳ ಬೇಡ. ನಮ್ಮ ಕಡೆಯವರ ತೊಂದರೆ ಜಾಸ್ತಿ ಇರುವುದು ಹೆಸರಲ್ಲಿ ಅಲ್ವಾ? ಶಾಲೆಯ ಸರ್ಟಿಫಿಕೇಟಲ್ಲಿ ಬರೀ ಇನಿಶಿಯಲ್, ಆಧಾರ್ ಕಾರ್ಡಲ್ಲಿ ಮನೆ ಹೆಸರು ಪೂರ್ತಿ. ಇಂಥದ್ದನ್ನು ತಿದ್ದಿಸಲು ಅವರ ಸಹಾಯ ಬೇಕಾಗಬಹುದು. ಕೆಲಸದಲ್ಲಿರುವಾಗಲೇ ಕೇಳಿ ಮುಗಿಸಿಕೊಳ್ಳಿ. ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.