ಕಾರಿಗೆ ಬೈಯೋ ಧೈರ್ಯ ಇದ್ರೆ ಮಾತ್ರ ಟಾಪ್ ಗೇರ್ ಮಾಡ್ರಪಾ

ಹೋದ ಭಾನುವಾರ ನಮ್ಮ ಅಣ್ಣನ ಮಗ ಊಟಕ್ಕೆ ಬಂದಿದ್ದ. ಮುಂಬೈನಲ್ಲಿ ಟಿವಿ ಶೋ ಮಾಡೋ ಕಂಪನಿಯೊಂದರಲ್ಲಿ ಕೆಲಸ ಅವನದು. ನಾವು ಧಾರವಾಡದ ಕಡೆಯವರು, ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲೇ ಪುಣೆ ಪಕ್ಕ ಚಿಂಚವಡದಲ್ಲಿ. ರೊಟ್ಟಿ ಮುರೀತಾ ಮುರೀತಾ ಕೇಳಿದ, "ಕಾಕಾ, ಬಿಬಿಸಿಯವರ ಕಾರಿನ ಶೋ ಟಾಪ್ ಗೇರ್ ಐತಲ್ಲ, ಅದರಂಗ ಒಂದು ಶೋ ನಮ್ಮಲ್ಲಿ ಮಾಡಿದ್ರ ಮಂದಿ ನೋಡ್ತಾರೇನ್ರಿ?" ನೋಡ್ತಾರ, ಆದ್ರ ನಿಮ್ಮ ಕೈಲೆ ಅದು ಆಗಂಗಿಲ್ಲ ಬಿಡಪಾ ಅಂದೆ. ಮುಖ ಸಣ್ಣದು ಮಾಡ್ಕೊಂಡ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಮ್ಮವರು ಟಾಪ್ ಗೇರ್ ಅಂದ ತಕ್ಷಣ ನೆನೆಸಿಕೊಳ್ಳೋದು ಏನು? ಮೂರು ಜನ ಗಂಡಸರು, ಬಿಳಿ ಹೆಲ್ಮೆಟ್ ಹಾಕ್ಕೊಂಡು ಮಾತೇ ಆಡದೆ ಕಾರು ಓಡಿಸೋ ಸ್ಟಿಗ್ ಅನ್ನೋ ಡ್ರೈವರ್, ಹಳೇ ಏರ್‌ಫೀಲ್ಡು, ಹೊಗೆ ಎಬ್ಬಿಸೋ ಫೆರಾರಿ. ಅದೆಲ್ಲ ಮೇಲಿನ ಬಣ್ಣ ಮಾರಾಯ್ರೆ. ಮೊದಲು 1977ರಲ್ಲಿ ಬಿಬಿಸಿಯವರು ಶುರು ಮಾಡಿದಾಗ ಅದು ಸಾದಾ ಕಾರು ಮಾಹಿತಿ ಕಾರ್ಯಕ್ರಮ, 2002ರಲ್ಲಿ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ಮುಂದೆ ನಿಂತು ಹೊಸ ರೂಪ ಕೊಟ್ಟ ಮೇಲೆನೇ ಜಗತ್ತೆಲ್ಲ ನೋಡಿದ್ದು. ಆಮೇಲೆ ಆಸ್ಟ್ರೇಲಿಯಾ, ರಷ್ಯಾ, ಅಮೆರಿಕ, ಕೊರಿಯಾ ಎಲ್ಲರೂ ತಮ್ತಮ್ಮ ಟಾಪ್ ಗೇರ್ ಮಾಡಿದ್ರು. ಅಮೆರಿಕದವರು 2010ರಲ್ಲಿ ಶುರು ಮಾಡಿದಾಗ ಮೊದಲನೇ ಎಪಿಸೋಡಲ್ಲೇ ಡಾಡ್ಜ್ ವೈಪರ್ ಕಾರಿನ ಹಿಂದೆ ಕೋಬ್ರಾ ಹೆಲಿಕಾಪ್ಟರ್ ಬಿಟ್ರು, ಅದು ಬ್ರಿಟನ್ನಿನವರು ಲೋಟಸ್ ಕಾರಿನ ಹಿಂದೆ ಅಪಾಚೆ ಹೆಲಿಕಾಪ್ಟರ್ ಬಿಟ್ಟಿದ್ದನ್ನೇ ಎತ್ತಿ ಹಾಕಿದ್ದು. ಅಮೆರಿಕದ ಆ ಮೂವರು ನಿರೂಪಕರಿಗೂ ಒಬ್ಬರಿಗೊಬ್ಬರು ಪರಿಚಯನೇ ಇಲ್ಲವೇನೋ ಅನ್ನೋ ಹಂಗಿತ್ತು. ಮುಂದೆ ಬರ್ತಾ ಬರ್ತಾ ತಮ್ಮದೇ ಹಳೇ ಟ್ರಕ್ಕು, ತಮ್ಮದೇ ರಸ್ತೆ ಅಂತ ಹೊರಟ ಮೇಲೆ ಚೂರು ಜೀವ ಬಂತು ನೋಡಿ.

ಆದ್ರೆ ಅಸಲಿ ಸಂಗತಿ ಬೇರೆ. ಬ್ರಿಟನ್ನಿನಲ್ಲಿ ಬಿಬಿಸಿಗೆ ಜಾಹೀರಾತು ಇಲ್ಲ, ಟಿವಿ ಇಟ್ಕೊಂಡ ಮನೆಯವರು ಲೈಸೆನ್ಸ್ ಫೀ ಅಂತ ಕಟ್ಟೋ ದುಡ್ಡಲ್ಲಿ ನಡಿಯೋದು. ಹಂಗಾಗಿ ಕಾರು ಕಂಪನಿ ಮುನಿಸಿಕೊಂಡ್ರೆ ಮುನಿಸಿಕೊಳ್ಳಲಿ. ಟೆಸ್ಲಾದವರು ತಮ್ಮ ರೋಡ್‌ಸ್ಟರ್ ಕಾರಿನ ಬಗ್ಗೆ ಟಾಪ್ ಗೇರ್‌ನವರು 2008ರಲ್ಲಿ ತೋರಿಸಿದ್ದು ಸರಿಯಿಲ್ಲ ಅಂತ 2011ರಲ್ಲಿ ಕೋರ್ಟಿಗೇ ಹೋದ್ರು, 2013ರಲ್ಲಿ ಅಪೀಲಲ್ಲೂ ಸೋತ್ರು. ಇಲ್ಲಿ ಹಂಗೆ ಒಂದು ಎಪಿಸೋಡ್ ಹಾಕಿ ನೋಡೋಣ? ಕೋರ್ಟು ಯಾಕೆ ಬೇಕು, ಮಾರನೇ ದಿನ ಜಾಹೀರಾತು ವಾಪಸ್ ತಗೊಂಡ್ರೆ ಶೋನೇ ಬಂದ್.

ಅದಕ್ಕೇ ನಮ್ಮ ಕಾರ್ ರಿವ್ಯೂ ಭಾಷೆನೇ ಬೇರೆ ಆಗಿಬಿಟ್ಟಿದೆ. "ಸಸ್ಪೆನ್ಷನ್ ಸ್ವಲ್ಪ ಸ್ಟಿಫ್ ಅನ್ನಿಸಬಹುದು" ಅಂದ್ರೆ ಸೊಂಟ ಹೋಯ್ತು ಅಂತ. "ಸಿಟಿ ಡ್ರೈವಿಂಗಿಗೆ ಸೂಕ್ತ" ಅಂದ್ರೆ ಘಾಟ್ ಏರಲ್ಲ. "ಹಿಂದೆ ಇಬ್ಬರು ಆರಾಮಾಗಿ ಕೂರಬಹುದು" ಅಂದ್ರೆ ಮೂರನೆಯವರು ಬಸ್ಸಿಗೆ ಬರಲಿ. ಇಷ್ಟು ಓದೋಕೆ ಕಲಿತರೆ ಸಾಕು, ಯಾವ ಕಾರೂ ತಗೊಳ್ಳಲ್ಲ ನೀವು.

ಹಂಗಾದ್ರೆ ನಮ್ಮಲ್ಲಿ ಕಾರಿಗೆ ಬಾಯಿ ತುಂಬ ಬೈಯೋರು ಯಾರೂ ಇಲ್ವಾ? ಇದಾರಲ್ಲ, ಹಿಂದಿನ ಸೀಟಲ್ಲಿ ಕೂತಿರ್ತಾರೆ. ನಾವು ವರ್ಷಕ್ಕೆ ಎರಡು ಸಲ ಧಾರವಾಡಕ್ಕೆ ಹೋಗ್ತೀವಿ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಮೇಲೆ 400 ಕಿಲೋಮೀಟರಿಗೂ ಜಾಸ್ತಿ. ಖಂಬಾಟ್ಕಿ ಘಾಟಲ್ಲಿ ಗಾಡಿ ಉಸ್ಸಪ್ಪಾ ಅಂತ ಏರೋವಾಗ ನಾನು ಎಸಿ ಬಂದ್ ಮಾಡಿದೆ ಅಂದ್ರೆ ನಮ್ಮ ಅವ್ವ ಶುರು, "ಲಕ್ಷಗಟ್ಲೆ ಸುರದು ಈ ಡಬ್ಬಿ ತಂದಿ, ಇದಕ್ಕಿಂತ ನಿಮ್ಮಪ್ಪನ ಲೂನಾ ಛಲೋ ಇತ್ತು." ಹೆಂಡತಿ ಡಿಕ್ಕಿ ಬಗ್ಗೆ ಹೇಳೋದನ್ನ ಯಾವ ಕಾರ್ ಪತ್ರಕರ್ತನೂ ಬರೆದಿಲ್ಲ. ಊರಿಂದ ಜೋಳದ ಚೀಲ ತರಬೇಕು, ಎರಡು ಸೂಟ್‌ಕೇಸು, ರೊಟ್ಟಿ ಡಬ್ಬಿ, ಆ ಡಿಕ್ಕಿ ಬಾಗಿಲು ಹಾಕೋಕೆ ಒಬ್ಬರು ಮೇಲೆ ಕೂರಬೇಕು. ದಾರೀಲಿ ಭೇಟಿ ಆದ ಬೀಗರು ಕೇಳೋದು ಒಂದೇ, "ಎವರೇಜ್ ಎಷ್ಟು ಕೊಡ್ತೈತ್ರಿ?" ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ನಮ್ಮ ಬೀಗರಲ್ಲಿ ಇವತ್ತಿಗೂ ಒಬ್ಬರೂ ಕೇಳಿಲ್ಲ.

ಟಾಪ್ ಗೇರ್ ತರೋದು ಅಂದ್ರೆ ಇದನ್ನ ತರೋದು. ಸ್ಟಿಗ್ ಜಾಗದಲ್ಲಿ ಅವ್ವನ್ನ ಕೂರಿಸಿ. ಬ್ರಿಟನ್ನಿನ ಟಾಪ್ ಗೇರ್‌ನವರು 2003ರಲ್ಲಿ ಒಂದು ಟೊಯೋಟಾ ಹೈಲಕ್ಸ್ ಪಿಕಪ್ ತಗೊಂಡು ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೊನೆಗೆ ಬೀಳೋ ಕಟ್ಟಡದ ಮೇಲಿಟ್ಟು ಕೆಡವಿದ್ರೂ ಅದು ಸ್ಟಾರ್ಟ್ ಆಯ್ತಲ್ಲ, ನಮ್ಮಲ್ಲಿ ಒಂದು ಹಳೇ ಜೀಪಿಗೆ ಹನ್ನೆರಡು ಜನರನ್ನ, ಎರಡು ಕುರಿನ ಹತ್ತಿಸಿ ಕೊಯ್ನಾ ಹತ್ತಿರದ ಕುಂಭಾರ್ಲಿ ಘಾಟಲ್ಲಿ ಮಳೆಗಾಲದಲ್ಲಿ ಬಿಡಿ, ಅದೇ ನಮ್ಮ ಹೈಲಕ್ಸ್. ಪುನೀತ್ 2012ರಲ್ಲಿ ಕನ್ನಡದ ಕೋಟ್ಯಧಿಪತಿ ಮಾಡಿದಾಗ ಅದು ಇಂಗ್ಲೆಂಡಿನ ಆಟ ಅಂತ ಯಾರಿಗಾದ್ರೂ ಅನ್ನಿಸ್ತಾ? ಎದುರಿಗೆ ಕೂತವರನ್ನ ಮನೆಗೆ ಬಂದವರ ಹಂಗೆ ಮಾತಾಡಿಸಿದ್ರು, ಅಷ್ಟೇ. (ಇನ್ನೊಂದು ಮಜಾ, ಕನ್ನಡ ಬಿಗ್ ಬಾಸ್ ಮೊದಲ ಮನೆ ಇದ್ದದ್ದು ನಮ್ಮ ಪಕ್ಕದ ಲೋನಾವಳದಲ್ಲಿ, ನಾವು ಚಿಕ್ಕಿ ತರೋಕೆ ಹೋಗೋ ಊರು.)

ಹುಡುಗ ಎಲ್ಲ ಕೇಳಿಸ್ಕೊಂಡು ಮೊಬೈಲಲ್ಲಿ ಏನೋ ಬರ್ಕೊಂಡ. ಆಮೇಲೆ ಅಂದ, "ಕಾಕಾ, ಮೊದಲ ಎಪಿಸೋಡಿಗೆ ನಿಮ್ಮ ಕಾರೇ ತಗೊಳ್ಳೋಣು, ಅಜ್ಜಿ ಬೈಯೋದು ಶೂಟ್ ಮಾಡೋಣು. ಕಾರಿನ ಹೆಸರು ಹಾಕಬಹುದಲ್ಲಾ?"

ನೀರು ಕುಡಿದೆ. ಈ ಪೋಸ್ಟಲ್ಲೂ ನೋಡಿ, ಎಲ್ಲಾದ್ರೂ ಹೆಸರು ಬರೆದಿದೀನಾ? ನಾನು ಕೆಲಸ ಮಾಡೋ ಕಂಪನಿ ಅದೇ ಕಾರಿಗೆ ಬ್ರಾಕೆಟ್ ಸಪ್ಲೈ ಮಾಡ್ತದೆ. ಮಗನ ಫೀಸು ಇನ್ನೂ ಎರಡು ವರ್ಷ ಕಟ್ಟೋದಿದೆ.