78ರ ತಟ್ಟೆಯ ಕರಕರ: ತೆಗೆಯಬೇಕೇ, ಬಿಡಬೇಕೇ?

ಸಿನಿಮಾಕ್ಕೆ ಮಾತು ಬರುವ ಎಷ್ಟೋ ಮೊದಲೇ ನಾಟಕದ ಹುಡುಗಿಯರು ಗ್ರಾಮಫೋನಿನ ಕಹಳೆಗೆ ಮುಖವೊಡ್ಡಿ ಹಾಡಿದ್ದರು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತದಲ್ಲಿ ಧ್ವನಿಮುದ್ರಣ ಶುರುಮಾಡಿದಾಗ ಮೊದಲು ಹಾಡಿದವರು ಕ್ಲಾಸಿಕ್ ಥಿಯೇಟರಿನ ಶಶಿಮುಖಿ, ಫಣಿಬಾಲಾ. ಹೆಸರಾಂತ ಗಾಯಕಿ ಗೌಹರ್ ಜಾನ್ ಬಂದದ್ದು ಆಮೇಲೆ. ಗೌಹರ್ ಹೆಸರು ಹೇಗೋ ಉಳಿಯಿತು. 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದ ಅವರು 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಉಳಿದಿಬ್ಬರನ್ನು ಈಗ ಕೇಳುವವರಿಲ್ಲ. ನಮ್ಮ ಕಂಪನಿ ನಾಟಕದವರ ಪಾಡೂ ಅಷ್ಟೇ. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರಿಂಟು ಸಹ ಉಳಿದಿಲ್ಲ. ಆ ತಲೆಮಾರಿನವರ ದನಿ ಕೇಳಬೇಕೆಂದರೆ ಹೆಚ್ಚಿನ ಪಾಲು ಅರಗಿನ ತಟ್ಟೆಗೇ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ರೆಕಾರ್ಡಿಗೇ ಹೋಗಬೇಕು. ಆ ತಟ್ಟೆಯ ಸದ್ದನ್ನು ಕಂಪ್ಯೂಟರಿನಲ್ಲಿ ತೊಳೆದು ಜನರಿಗೆ ಕೇಳಿಸಬೇಕೇ?

ಪರ: ಕರಕರ ಕಲಾವಿದೆಯದಲ್ಲ

ಅರಗಿನ ತಟ್ಟೆ ಅಂತ ಹೆಸರೇ ಹೊರತು ಅದರಲ್ಲಿ ಅರಗಿಗಿಂತ ಕಲ್ಲಿನ ಪುಡಿಯೇ ಹೆಚ್ಚು. ಆ ಪುಡಿ ತಟ್ಟೆಗೆ ಗಟ್ಟಿತನ ಕೊಡುತ್ತದೆ, ಉಕ್ಕಿನ ಮುಳ್ಳನ್ನು ಉಜ್ಜಿ, ಹಾಡು ಕೊರೆದ ಗೀರಿನ ಆಕಾರಕ್ಕೆ ತರುತ್ತದೆ. ಸುಯ್ಯೆನ್ನುವ ಸದ್ದು ಹುಟ್ಟುವುದೂ ಅಲ್ಲೇ. ಒಂದು ಮಗ್ಗುಲಿಗೆ ಒಂದು ಮುಳ್ಳು ಎಂಬುದು ನಿಯಮವಾಗಿತ್ತು. ಮುಳ್ಳು ಉಳಿಸಲು ಹೋದ ಮನೆಗಳಲ್ಲಿ ಗೀರಿನ ಗೋಡೆ ಕಿತ್ತುಬಂತು, ಕರಕರ ಇನ್ನಷ್ಟು ಸೇರಿತು. ಇದರಲ್ಲಿ ಹಾಡಿದವಳ ಪಾಲು ಏನೂ ಇಲ್ಲ. ಆಗಿನ ಕೇಳುಗರಿಗೂ ಇದು ಈಗಿನಷ್ಟು ಕೇಳಿಸುತ್ತಿರಲಿಲ್ಲ. ಮೇಲಿನ ಕಂಪನಗಳನ್ನು ಗ್ರಾಮಫೋನಿನ ಕಹಳೆ ಹೊರಗೆ ಬಿಡುತ್ತಲೇ ಇರಲಿಲ್ಲ. ಇಂದಿನ ಇಯರ್‌ಫೋನು ಎಲ್ಲವನ್ನೂ ನೇರವಾಗಿ ಕಿವಿಗೆ ಸುರಿಯುತ್ತದೆ. ‘ಇದ್ದಂತೆಯೇ ಕೇಳಿಸಿ’ ಎನ್ನುವವರು ಕೇಳಿಸುತ್ತಿರುವುದು ಆ ಕಾಲದಲ್ಲಿ ಯಾರೂ ಕೇಳದಿದ್ದ ಸದ್ದನ್ನು.

ಸರಿಯಾಗಿ ಮಾಡಿದರೆ ಅರ್ಧ ಕೆಲಸ ಕಂಪ್ಯೂಟರ್ ಹಚ್ಚುವ ಮೊದಲೇ ಮುಗಿಯುತ್ತದೆ. ಭಟ್ಟಿ ಇಳಿಸಿದ ನೀರಿಗೆ ಸೌಮ್ಯ ಸೋಪಿನ ದ್ರಾವಣ ನಾಲ್ಕಾರು ಹನಿ ಹಾಕಿ, ಮೆತ್ತನೆ ಬ್ರಷ್ಷಿನಿಂದ ಗೀರು ಸುತ್ತುವ ದಿಕ್ಕಿನಲ್ಲೇ ಒರೆಸಬೇಕು. ಲೇಬಲ್ಲಿಗೆ ನೀರು ತಾಗಬಾರದು. ಸ್ಪಿರಿಟ್ಟನ್ನಂತೂ ಹತ್ತಿರ ತರಬೇಡಿ, ಅದರಲ್ಲಿ ಅರಗು ಕರಗುತ್ತದೆ, ಹಾಡೂ ಅದರ ಜೊತೆ ಹೋಗುತ್ತದೆ. ನಡುವೆ ಕಾಗದದ ಪದರವಿರುವ ತಟ್ಟೆ ಬಿರುಕುಬಿಟ್ಟಿದ್ದರೆ ಒಣ ಬ್ರಷ್ಷೇ ಸಾಕು. ನೀರು ಒಳಗಿಳಿದರೆ ಪದರ ಉಬ್ಬುತ್ತದೆ.

ಆಮೇಲೆ ಮುಳ್ಳು. ಆಮೇಲಿನ ಕಾಲದ ಎಲ್‌ಪಿ ತಟ್ಟೆಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್), 78ಕ್ಕೆ ಬೇಕಾದದ್ದು 75ರ ಆಸುಪಾಸು. ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಕಸ ಕೆರೆಯುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಹಳೆಯ ಹಾಡುಗಳ ಗದ್ದಲಕ್ಕೆ ಇದೊಂದೇ ಕಾರಣ ಇದ್ದೀತು. 60, 70, 80, 90 ಮೈಕ್ರಾನಿನ ಮುಳ್ಳುಗಳನ್ನು ಒಂದಾದ ಮೇಲೊಂದು ಹಾಕಿ ನೋಡಿ, ಗೀರಿನ ಗೋಡೆ ಸವೆಯದ ಮಟ್ಟದಲ್ಲಿ ಕೂರುವುದನ್ನು ಆರಿಸಬೇಕು. ತಟ್ಟೆ ಮಾನೋ (ಒಂದೇ ವಾಹಿನಿಯದು) ಆದರೂ ಮುದ್ರಣ ಎರಡು ವಾಹಿನಿಯ ಸ್ಟೀರಿಯೋದಲ್ಲೇ ಆಗಲಿ: ಗೀರಿನ ಎರಡು ಗೋಡೆಗಳು ಒಂದೇ ಸಮ ಸವೆದಿರುವುದಿಲ್ಲ, ಚೆನ್ನಾಗಿರುವ ಕಡೆಯನ್ನು ಇಟ್ಟುಕೊಳ್ಳಬಹುದು. 96 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲು ಮೂಲ ಪ್ರತಿ. ಅದನ್ನು ಮುಟ್ಟಬಾರದು, ತೊಳೆಯುವುದೇನಿದ್ದರೂ ಅದರ ನಕಲಿನಲ್ಲಿ.

ಉಳಿದದ್ದು ಚಟಪಟ. ಅಂಚಿನಿಂದ ನಡುವಿನವರೆಗೆ ಸೀಳಿದ ತಟ್ಟೆಯಲ್ಲಿ ಸುತ್ತಿಗೊಂದು ಚಟ್ ಎಂದರೆ ಮೂರು ನಿಮಿಷಕ್ಕೆ 234 ಚಟ್. ಇದನ್ನು ಸಹಿಸಿಕೊಂಡು ಹಾಡು ಕೇಳು ಎಂದು ಇಪ್ಪತ್ತರ ಹುಡುಗಿಗೆ ಹೇಳುವುದು ನ್ಯಾಯವಲ್ಲ, ಅವಳು ಕೇಳುವುದೂ ಇಲ್ಲ. ಕ್ಲಿಕ್, ಅಂದರೆ ಈ ಚಟ್ ಸದ್ದು, ತೆಗೆಯುವ ತಂತ್ರಾಂಶಗಳಲ್ಲಿ ‘ತೆಗೆದದ್ದನ್ನಷ್ಟೇ ಕೇಳಿಸು’ ಎಂಬ ಗುಂಡಿ ಇರುತ್ತದೆ. ಅದನ್ನೊತ್ತಿ. ಬರೀ ಚಟಪಟ ಕೇಳಿದರೆ ಸರಿ, ತಬಲಾದ ‘ನಾ’ ಪೆಟ್ಟು ಕೇಳಿತೋ, ಅಲ್ಲಿಂದ ಹಿಂದಕ್ಕೆ ಬನ್ನಿ. 1925ಕ್ಕೆ ಮೊದಲಿನ, ಮೈಕಿಲ್ಲದ ಮುದ್ರಣದಲ್ಲಿ 5000 ಹರ್ಟ್ಸ್ ಮೇಲೆ ಹಾಡು ಇರುವುದಿಲ್ಲ, ಬರೀ ಕಲ್ಲಿನ ಪುಡಿ. ಅದನ್ನು ಇಳಿಜಾರಾಗಿ ತಗ್ಗಿಸಿದರೆ ಯಾರ ದನಿಗೂ ನಷ್ಟವಿಲ್ಲ. ಹೆಸರಿದ್ದವರ ಹಾಡನ್ನು ಜನ ಗದ್ದಲದಲ್ಲೂ ಹುಡುಕಿ ಕೇಳುತ್ತಾರೆ. ಮರೆತುಹೋದವರಿಗೆ ಕೇಳುಗರಿಂದ ಸಿಗುವುದು ಮೊದಲ ಇಪ್ಪತ್ತು ಸೆಕೆಂಡು ಮಾತ್ರ.

ವಿರೋಧ: ತೆಗೆದದ್ದು ಏನೆಂದು ಯಾರಿಗೆ ಗೊತ್ತು?

ಗುಂಡಿ ಇದೆ, ನಿಜ. ಒತ್ತುವವರು ಎಷ್ಟು ಮಂದಿ? ಕ್ಲಿಕ್ ತೆಗೆಯುವ ತಂತ್ರಾಂಶ ಹುಡುಕುವುದು ಥಟ್ಟನೆ ಎದ್ದು ಥಟ್ಟನೆ ಬೀಳುವ ಸದ್ದನ್ನು. ತಬಲಾದ ಕಿನಾರೆಯ ಪೆಟ್ಟು ಹಾಗೇ ಇರುತ್ತದೆ, ತಾಳದ ಮೊದಲ ತಾಗೂ ಹಾಗೇ, ಹಲ್ಲಿನ ಹಿಂದೆ ಒಡೆಯುವ ‘ತ’, ಅಂಗುಳಿನಲ್ಲಿ ಒಡೆಯುವ ‘ಟ’ಗಳೂ ಹಾಗೇ. ಸ್ವಲ್ಪ ಸ್ವಲ್ಪ ತೆಗೆದರೆ ‘ತೆಗೆದದ್ದ’ರಲ್ಲಿ ತಬಲಾ ಕೇಳಿಸದು, ಆದರೆ ಉಳಿದದ್ದರಲ್ಲಿ ಪೆಟ್ಟಿನ ಮೊನೆ ಮೊಂಡಾಗಿರುತ್ತದೆ. ಲಯ ಬಿಗಿಯಾಗಿದ್ದ ಹಾಡು ಜೋಲು ಬಿದ್ದಂತೆ ಕೇಳುತ್ತದೆ. ಕೇಳುಗ ದೂರುವುದು ತಬಲಾದವನನ್ನು.

ಹಿಸ್, ಅಂದರೆ ಸುಯ್ಯೆನ್ನುವ ಸದ್ದು, ತೆಗೆಯುವುದು ಇನ್ನೂ ಅಪಾಯ. ಸುಯ್ಯೆನ್ನುವುದನ್ನೆಲ್ಲ ಯಂತ್ರ ಕಸ ಎಂದು ಕಲಿತಿರುತ್ತದೆ. ಕನ್ನಡದಲ್ಲಿ ಸುಯ್ಯೆನ್ನುವುದು ಬರೀ ಕಸವಲ್ಲ: ಖ, ಘ, ಧ, ಭಗಳ ಉಸಿರೂ ಅದೇ ಜಾತಿಯ ಸದ್ದು. ಕಂಪನಿ ನಾಟಕದವರು ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸಬೇಕಿತ್ತು. ಮಹಾಪ್ರಾಣ ಒತ್ತಿ ನುಡಿಯುವುದು ಅವರ ಕಸುಬು. ತೊಳೆದ ಪ್ರತಿಯಲ್ಲಿ ‘ಘನ’ ಎಂಬುದು ‘ಗನ’ ಆಗುತ್ತದೆ, ಆಮೇಲೆ ಯಾರೋ ಆ ನಟನಿಗೆ ಉಚ್ಚಾರವೇ ಬರುತ್ತಿರಲಿಲ್ಲ ಎಂದು ಬರೆಯುತ್ತಾರೆ. ಅತಿಯಾದಾಗ ನೀರೊಳಗಿಂದ ಹಾಡಿದ ಹಾಗೆ ಗುಳುಗುಳು ಉಳಿಯುತ್ತದೆ, ಅದು ತಟ್ಟೆಯ ಕರಕರಕ್ಕಿಂತ ಕಿರಿಕಿರಿ. ಈಚೆಗೆ ಬಂದ ಎಐ ಉಪಕರಣಗಳು ತೆಗೆಯುವುದಕ್ಕೆ ನಿಲ್ಲದೆ ಸೇರಿಸುತ್ತವೆ. 5000 ಹರ್ಟ್ಸ್ ಮೇಲೆ ಏನೂ ಇಲ್ಲದ ಕಡೆ ‘ಹೀಗಿದ್ದಿರಬೇಕು’ ಎಂದು ದನಿ ಕಟ್ಟುತ್ತವೆ. ಲತಾ ಮಂಗೇಶ್ಕರ್ ದನಿಯನ್ನು ಹೀಗೆ ಕೆಡಿಸಿದರೆ ನೂರು ಜನ ತಕ್ಷಣ ಹಿಡಿಯುತ್ತಾರೆ. ಒಂದೇ ತಟ್ಟೆ ಉಳಿಸಿಹೋದ ನಟಿಯ ದನಿ ಹೇಗಿತ್ತು ಎಂದು ಹೋಲಿಸಿ ನೋಡಲು ಏನಿದೆ?

ಕರಕರಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವವರು ವೇಗದ ಕಡೆ ನೋಡುವುದೇ ಇಲ್ಲ. 78 ಎಂಬುದು ಹೆಸರಿಗೆ. ಹಳೆಯ ತಟ್ಟೆಗಳು 70ರಿಂದ 82ರವರೆಗೆ ಏನೂ ಇರಬಹುದು. 74ರಲ್ಲಿ ಕೊರೆದದ್ದನ್ನು 78ರಲ್ಲಿ ಓಡಿಸಿದರೆ ಶೇ. 5.4 ಹೆಚ್ಚು ವೇಗ, ಶ್ರುತಿ ಹಾರ್ಮೋನಿಯಂನ ಹೆಚ್ಚುಕಡಿಮೆ ಒಂದು ಮನೆ ಮೇಲಕ್ಕೆ: ಕರಿ ಒಂದರಲ್ಲಿ ಹಾಡಿದ್ದು ಬಿಳಿ ಎರಡರ ಹತ್ತಿರ ಹೋಯಿತು. ದನಿ ಎಳೆಯದಾಗುತ್ತದೆ, ತಾನ್ (ವೇಗವಾಗಿ ಓಡುವ ಸ್ವರಗಳ ಸಾಲು) ಚುರುಕಾಗುತ್ತದೆ. ಗಂಡಸರೇ ಸ್ತ್ರೀಪಾತ್ರ ಕಟ್ಟಿ ಹಾಡುತ್ತಿದ್ದ ಕಾಲದ ತಟ್ಟೆಯಾದರೆ ಹಾಡಿದ್ದು ಹೆಂಗಸೋ ಗಂಡಸೋ ಎಂಬುದೇ ತಿರುಗಾಮುರುಗಾ ಆಗುತ್ತದೆ. ಹಾರ್ಮೋನಿಯಂ ಮನೆಗೆ ಹೊಂದಿಸಿ ವೇಗ ಗೊತ್ತುಮಾಡಬಹುದು, ಆದರೆ ಅಂದಿನ ಪೆಟ್ಟಿಗೆಗಳ ಶ್ರುತಿಯೂ ಒಂದೇ ಇರಲಿಲ್ಲ. ಇದನ್ನು ಸರಿಪಡಿಸದೆ ನುಣ್ಣಗೆ ತೊಳೆದ ಪ್ರತಿ ತಪ್ಪನ್ನೇ ನಂಬುವಂತೆ ಮಾಡುತ್ತದೆ. ಒರಟು ಪ್ರತಿಯನ್ನಾದರೆ ಜನ ಅನುಮಾನಿಸಿಯಾರು.

ಕತ್ತರಿ ಮೊದಲು ಬೀಳುವುದು ತಟ್ಟೆಯ ಕೊನೆಗೆ, ಅಲ್ಲಿ ಗದ್ದಲ ಜಾಸ್ತಿ ಎಂದು. ಆರಂಭದ ತಟ್ಟೆಗಳಲ್ಲಿ ಹಾಡು ಮುಗಿದ ಮೇಲೆ ಗಾಯಕಿ ತನ್ನ ಹೆಸರು ಕೂಗುತ್ತಿದ್ದಳು. ಮುದ್ರಿಕೆಗಳು, ಅಂದರೆ ಹಾಡು ಕೊರೆದ ಮೂಲ ತಟ್ಟೆಗಳು, ಜರ್ಮನಿಯ ಹ್ಯಾನೋವರಿಗೆ ಹೋಗಿ ಅಚ್ಚಾಗಿ ಬರಬೇಕಿತ್ತು, ಅಲ್ಲಿನವರಿಗೆ ಯಾರ ಹಾಡೆಂದು ಗೊತ್ತಾಗಬೇಕಿತ್ತು. ಗೌಹರ್ ಅವರ ‘ಮೈ ನೇಮ್ ಈಸ್ ಗೌಹರ್ ಜಾನ್’ ಪ್ರಸಿದ್ಧ. ಲೇಬಲ್ ಹರಿದುಹೋದ ತಟ್ಟೆಯಲ್ಲಿ ಹೆಸರಿಲ್ಲದವಳಿಗೆ ಹೆಸರು ಕೊಡುವುದು ಆ ನಾಲ್ಕು ಮಾತೇ. ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಅಚ್ಚಾದ ಮುದ್ರಿಕೆಯ ಸಂಖ್ಯೆಯೂ ಹಾಗೇ, ಅದರ ಫೋಟೋ ಫೈಲಿನ ಜೊತೆ ಹೋಗಬೇಕು.

ಮೂಲ ಪ್ರತಿ ಬೇರೆ ಇಟ್ಟಿರುತ್ತೇವೆ ಎನ್ನುತ್ತಾರೆ. ಅದು ಯಾರದ್ದೋ ಹಾರ್ಡ್ ಡಿಸ್ಕಿನಲ್ಲಿರುತ್ತದೆ, ಊರೆಲ್ಲ ಓಡಾಡುವುದು ತೊಳೆದದ್ದು. ತೊಳೆಯುವುದೇ ಆದರೆ ಎರಡನ್ನೂ ಒಂದೇ ಜಾಗದಲ್ಲಿ, ಒರಟು ಪ್ರತಿಯನ್ನೇ ಮೊದಲು ಇಡಲಿ, ಯಾವ ವೇಗ, ಯಾವ ಮುಳ್ಳು, ಏನೇನು ತೆಗೆದೆವು ಎಂಬುದನ್ನು ಕೆಳಗೆ ಬರೆಯಲಿ.